ಶೀತ ನಮ್ಮನ್ನು ಹಿಡಿಯುತ್ತದೆಯೋ, ನಾವು ಶೀತವನ್ನೋ? ‘ಕ್ಯಾಚ್’ ಎಂಬ ಕ್ರಿಯಾಪದದ ವಿಚಾರ

ಪ್ರಶ್ನೆ: ನಾನು ಪರ್ಸೀನ್ ಮೀನುಗಾರಿಕೆ ಬೋಟಿನಲ್ಲಿ ದುಡಿಯುವವನು. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳು ಇಂಗ್ಲಿಷ್ ಪರೀಕ್ಷೆಯಲ್ಲಿ ‘ಕೋಲ್ಡ್ ಕಾಟ್ ಮಿ’, ‘ಮೈ ಫಾದರ್ ಕ್ಯಾಚ್ಡ್ ಮೆನಿ ಫಿಶ್’, ‘ಐ ಕಾಟ್ ದಿ ಅಂಬ್ರೆಲಾ ಆಲ್ ದಿ ವೇ’ ಎಂದು ಬರೆದಿದ್ದಳು. ಮೂರಕ್ಕೂ ಕೆಂಪು ಗೆರೆ ಬಿದ್ದಿದೆ, ಕಾರಣ ಬರೆದಿಲ್ಲ. ‘ಕ್ಯಾಚ್’ ಎಂದರೆ ‘ಹಿಡಿ’ ಎಂದಲ್ಲವೇ? ಶೀತ ನಮ್ಮನ್ನು ಹಿಡಿಯುತ್ತದೆಯೇ ಹೊರತು ನಾವು ಶೀತವನ್ನು ಹಿಡಿಯುವುದಿಲ್ಲವಲ್ಲ? ಈ ಶಬ್ದ ಎಲ್ಲಿಂದ ಬಂತು, ‘ಕ್ಯಾಚ್ಡ್’ ಏಕೆ ಆಗಬಾರದು? ‘ಇವತ್ತು ಬಲೆಗೆ ಮೀನು ಬಿತ್ತು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದೂ ಅವಳು ಕೇಳುತ್ತಿದ್ದಾಳೆ.
ಕೋಡಿಬಾಗದ ಓದುಗರು, ಕಾರವಾರ

ಉತ್ತರ: ನಿಮ್ಮ ಮಗಳ ಮೂರು ವಾಕ್ಯಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೂರನೆಯದು, ಕೊಡೆಯ ವಾಕ್ಯ. ಶೀತದ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ತಿದ್ದುವುದೂ ಸುಲಭ. ಕೊಡೆಯ ತಪ್ಪಾದರೋ ಕನ್ನಡದ ‘ಹಿಡಿ’ಗೂ ಇಂಗ್ಲಿಷಿನ ‘ಕ್ಯಾಚ್’ಗೂ ನಡುವೆ ಇರುವ ಅಂತರದ ಬುಡವನ್ನೇ ತೋರಿಸುತ್ತದೆ. ಶಿರಸಿಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ವರ್ಷಗಳಲ್ಲಿ ಪ್ರತಿ ಮಳೆಗಾಲವೂ ಯಾರಾದರೊಬ್ಬರ ಉತ್ತರಪತ್ರಿಕೆಯಲ್ಲಿ ಈ ಕೊಡೆ ಬಿಚ್ಚಿಕೊಳ್ಳುತ್ತಿತ್ತು. ಮೊದಮೊದಲು ನಾನೂ ಒಂದು ಗೆರೆ ಎಳೆದು, ಮೇಲೆ ‘ಹೆಲ್ಡ್’ ಎಂದು ಬರೆದು ಮುಂದಿನ ಹಾಳೆಗೆ ಹೋಗುತ್ತಿದ್ದೆ. ಒಂದೇ ತಪ್ಪನ್ನು ಇಷ್ಟು ಮಕ್ಕಳು ಹೇಳಿ ಮಾಡಿಸಿದಂತೆ ಮಾಡುತ್ತಿದ್ದಾರೆಂದರೆ ಅದರ ಹಿಂದೆ ಮಕ್ಕಳ ಅಜಾಗರೂಕತೆಗಿಂತ ದೊಡ್ಡದೇನೋ ಇರಬೇಕೆಂದು ನನಗೆ ಹೊಳೆದದ್ದು ತಡವಾಗಿ.

ಪೊಲೀಸರು ಕಳ್ಳನನ್ನು ಹಿಡಿದರು ಎಂದಾಗ ‘ಹಿಡಿಯುವುದು’ ಒಂದು ಕ್ಷಣದ ಕೆಲಸ. ಅಜ್ಜ ಮೊಮ್ಮಗನ ಕೈ ಹಿಡಿದು ನಡೆದ ಎಂದಾಗ ಅದು ದಾರಿಯುದ್ದದ ಕೆಲಸ. ಕೈಗೆ ಸಿಗದಿದ್ದುದು ಕೈಗೆ ಬರುವುದನ್ನೂ, ಕೈಗೆ ಬಂದದ್ದು ಕೈಯಲ್ಲೇ ಉಳಿಯುವುದನ್ನೂ ಕನ್ನಡ ಒಂದೇ ಮಾತಿನಲ್ಲಿ ಹೇಳುತ್ತದೆ. ಉಳಿಯುವುದನ್ನು ಒತ್ತಿ ಹೇಳಬೇಕಾದರೆ ‘ಹಿಡಿದುಕೊಂಡು’ ಎನ್ನುತ್ತೇವೆ, ನಮ್ಮ ಜಿಲ್ಲೆಯ ಆಡುಮಾತಿನಲ್ಲಿ ‘ಹಿಡ್ಕಂಡು’. ಇಂಗ್ಲಿಷಿನಲ್ಲಿ ಈ ಎರಡು ಕೆಲಸಗಳನ್ನು ಎರಡು ಬೇರೆ ಕ್ರಿಯಾಪದಗಳು ಹಂಚಿಕೊಂಡಿವೆ. ಕೈಗೆ ಬರುವ ಕ್ಷಣ ‘ಕ್ಯಾಚ್’ನದು, ಆಮೇಲಿನದ್ದೆಲ್ಲ ‘ಹೋಲ್ಡ್’ನದು. ಗಾಳಿಗೆ ಹಾರಿಹೋದ ಕೊಡೆಯನ್ನು ಓಡಿ ಹಿಡಿದರೆ ‘ಕಾಟ್ ದಿ ಅಂಬ್ರೆಲಾ’ ಸರಿಯಾದ ಇಂಗ್ಲಿಷ್. ಅದೇ ಕೊಡೆಯನ್ನು ಶಾಲೆಯವರೆಗೆ ಹಿಡಿದು ನಡೆದರೆ ‘ಹೆಲ್ಡ್’ ಎನ್ನಬೇಕು. ‘ಆಲ್ ದಿ ವೇ’ ಎಂದು ದಾರಿಯುದ್ದವನ್ನೂ ಸೇರಿಸಿದ್ದರಿಂದ ನಿಮ್ಮ ಮಗಳ ವಾಕ್ಯಕ್ಕೆ ‘ಕ್ಯಾಚ್’ ಹೊಂದಲಿಲ್ಲ. ಎರಡನ್ನೂ ಜೋಡಿಸಿ ‘ಕ್ಯಾಚ್ ಹೋಲ್ಡ್ ಆಫ್’ ಎನ್ನುವ ರೂಢಿಯೂ ಇಂಗ್ಲಿಷಿನಲ್ಲಿದೆ: ಜಾರುತ್ತಿದ್ದ ಹಗ್ಗವನ್ನು ಗಬಕ್ಕನೆ ಹಿಡಿದು ಬಿಡದೆ ಇರುವುದು ಎಂಬ ಅರ್ಥದಲ್ಲಿ. ನಾವು ಕ್ರಿಕೆಟ್ ಮಾತನಾಡುವಾಗ ‘ಕ್ಯಾಚ್ ಹಿಡಿದ’ ಎನ್ನುವುದು ಇದರ ತಮ್ಮನಂತಿದೆ. ಅದರಲ್ಲಿ ಹಿಡಿಯುವುದು ಎರಡು ಸಲ ಬಂದಿದೆಯೆಂದು ಯಾರಿಗೂ ಅನ್ನಿಸುವುದಿಲ್ಲ.

‘ಕ್ಯಾಚ್’ನ ಆ ಕ್ಷಣ ಯಾವುದೆಂಬುದನ್ನು ನಿಮಗೆ ದಡದಿಂದ ಎಳೆಯುವ ರಂಪಣಿ ಬಲೆಯ ಮೂಲಕ ಹೇಳುವುದೇ ಸರಿ. ಪರ್ಸೀನ್ ಬೋಟುಗಳು 1970ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದ ಮೇಲೆ ರಂಪಣಿ ಹಿಂದೆ ಬಿತ್ತಾದರೂ ಕಾರವಾರದ ಕಡಲತಡಿಯಲ್ಲಿ ಅದನ್ನು ಎಳೆಯುವುದನ್ನು ನೀವೂ ಕಂಡಿರುತ್ತೀರಿ. ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು ದೋಣಿ ಹೊರಡುತ್ತದೆ, ಬಲೆ ಇಳಿಸುತ್ತ ಬಿಲ್ಲಿನಂತೆ ಬಳಸಿ ಬಂದು ಇನ್ನೊಂದು ತುದಿಯನ್ನು ದಡಕ್ಕೆ ಮುಟ್ಟಿಸುತ್ತದೆ, ಆಮೇಲೆ ಎರಡು ಸಾಲಿನ ಜನ ಎರಡೂ ಹಗ್ಗಗಳನ್ನು ಜಗ್ಗತೊಡಗುತ್ತಾರೆ. ಬಲೆಯೊಳಗೆ ಬಂಗಡೆಯ ಹಿಂಡು ಇದೆಯೆಂದು ಎಲ್ಲರಿಗೂ ಗೊತ್ತು, ನೀರು ಬೆಳ್ಳಗೆ ಕುದಿಯುವುದು ಕಾಣುತ್ತಿದೆ, ದಡದಲ್ಲಿ ಬುಟ್ಟಿಗಳೂ ಬಂದು ಕುಳಿತಿವೆ. ಆದರೆ ಮೀನು ಇನ್ನೂ ಓಡುತ್ತಿದೆ. ಬಲೆ ಎಲ್ಲಾದರೂ ಹರಿದರೆ, ಬುಡ ಎದ್ದರೆ ಎಲ್ಲವೂ ಹೋಗುತ್ತದೆ. ಅಲ್ಲಿಯವರೆಗಿನದು ಇಂಗ್ಲಿಷಿನಲ್ಲಿ ‘ಚೇಸ್’, ಅಂದರೆ ಬೆನ್ನಟ್ಟುವುದು. ಬಲೆಯ ಹೊಟ್ಟೆ ಮರಳಿಗೆ ತಾಗಿ ಮೀನಿಗೆ ಓಡಲು ನೀರಿಲ್ಲದಾಯಿತಲ್ಲ, ಆಗ ‘ಕ್ಯಾಚ್’. ಬುಟ್ಟಿಗೆ ಬಿದ್ದ ಮೇಲೆ ‘ಹೋಲ್ಡ್’, ‘ಕೀಪ್’, ‘ಸೆಲ್’, ಏನು ಬೇಕಾದರೂ ಆಗಬಹುದು, ‘ಕ್ಯಾಚ್’ ಮಾತ್ರ ಆಗದು.

‘ಚೇಸ್’ ಮತ್ತು ‘ಕ್ಯಾಚ್’ ಎಂಬ ಎರಡು ಶಬ್ದಗಳನ್ನು ನಾನು ಸುಮ್ಮನೆ ಪಕ್ಕಪಕ್ಕದಲ್ಲಿ ಇಡಲಿಲ್ಲ. ಅವು ಒಂದೇ ತಾಯಿಯ ಮಕ್ಕಳು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತಿನ ದೊಡ್ಡ ಹೊಳೆಯೇ ಆ ದೇಶಕ್ಕೆ ಹರಿಯಿತು, ಅದರ ಜೊತೆಗೆ ಬಂದದ್ದು ‘ಕ್ಯಾಚ್’. ಇಂಗ್ಲಿಷ್ ಬರಹದಲ್ಲಿ ಅದು 1200ರ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಉತ್ತರ ಫ್ರಾನ್ಸಿನ ಆಡುನುಡಿಯಲ್ಲಿ ಅದರ ರೂಪ ‘ಕಚಿಯೆರ್’, ಅರ್ಥ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು. ಅದೇ ಶಬ್ದ ಪ್ಯಾರಿಸ್ ಕಡೆಯ ನುಡಿಯಲ್ಲಿ ‘ಚ’ಕಾರದಿಂದ ಶುರುವಾಗುತ್ತಿತ್ತು, ಆ ರೂಪ ಇಂಗ್ಲಿಷಿಗೆ ಬಂದು ‘ಚೇಸ್’ ಆಯಿತು. ಹೀಗೆ ಒಂದು ಶಬ್ದ ಎರಡು ಊರಿನ ಉಚ್ಚಾರಣೆಯಲ್ಲಿ ಎರಡು ಸಲ ಒಂದೇ ಮನೆಗೆ ಬಂದಿತು. ಮೊದಮೊದಲು ‘ಕ್ಯಾಚ್’ಗೂ ಬೆನ್ನಟ್ಟುವುದು ಎಂಬ ಅರ್ಥ ಇದ್ದೇ ಇತ್ತು. ಬರಬರುತ್ತ ಇಬ್ಬರೂ ಪಾಲು ಮಾಡಿಕೊಂಡರು: ಓಟವೆಲ್ಲ ‘ಚೇಸ್’ಗೆ, ಓಟದ ಕೊನೆ ‘ಕ್ಯಾಚ್’ಗೆ. ಇಂದಿನ ಫ್ರೆಂಚಿನಲ್ಲಿ ಇದೇ ಶಬ್ದಕ್ಕೆ ಬೇಟೆಯಾಡುವುದು ಎಂಬ ಅರ್ಥ ಉಳಿದಿದೆ. ನಮ್ಮ ಕರಾವಳಿಯಲ್ಲಿ ‘ಮೀನುಬೇಟೆ’ ಎನ್ನುವವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಒಂದು ಸೀಮೆಯ ‘ಕ’ ಇನ್ನೊಂದು ಸೀಮೆಯಲ್ಲಿ ‘ಚ’ ಆಗುವುದು ಫ್ರಾನ್ಸಿಗಷ್ಟೇ ಸೇರಿದ ವಿಷಯವಲ್ಲ. ನಮ್ಮ ಕಿವಿ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ‘ಚೆವಿ’. ನಮ್ಮ ಕೆರೆ ತೆಲುಗರ ‘ಚೆರುವು’, ನಮ್ಮ ಕೈ ಅವರ ‘ಚೇಯಿ’. ಕನ್ನಡ ಈ ವಿಷಯದಲ್ಲಿ ನಾರ್ಮನ್ನರ ಹಾಗೆ ಹಳೆಯ ‘ಕ’ವನ್ನು ಬಿಡದೆ ಉಳಿಸಿಕೊಂಡ ಭಾಷೆ.

ಫ್ರೆಂಚಿಗೆ ಈ ಶಬ್ದ ಲ್ಯಾಟಿನ್ನಿನಿಂದ ಬಂತು. ಲ್ಯಾಟಿನ್ನಿನಲ್ಲಿ ‘ಕಪೆರೆ’ ಎಂದರೆ ತೆಗೆದುಕೊಳ್ಳು, ಹಿಡಿ. ಅದರಿಂದ ಹುಟ್ಟಿದ ‘ಕಪ್ತಾರೆ’ ಎಂದರೆ ಹಿಡಿಯಲು ಹವಣಿಸು, ಮತ್ತೆ ಮತ್ತೆ ಕೈಚಾಚು. ‘ಕ್ಯಾಚ್’ ಹುಟ್ಟಿದ್ದು ಈ ಎರಡನೆಯ ಕವಲಿನಲ್ಲಿ ಎಂಬುದನ್ನು ಗಮನಿಸಬೇಕು. ಹವಣಿಸುವ ಅರ್ಥ ಇಂದಿಗೂ ಪೂರ್ತಿ ಅಳಿದಿಲ್ಲ: ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ನಾವು ಹೇಳುವಲ್ಲಿ ಇಂಗ್ಲಿಷಿನವರು ಮುಳುಗುವವನು ಹುಲ್ಲುಕಡ್ಡಿಗೆ ‘ಕ್ಯಾಚ್ ಆ್ಯಟ್’ ಮಾಡುತ್ತಾನೆ ಎನ್ನುತ್ತಾರೆ. ಆ ‘ಆ್ಯಟ್’ ಸೇರಿದ ಕೂಡಲೇ ಕೈ ಚಾಚಿದ್ದು ಮಾತ್ರ ಖಚಿತ, ಕಡ್ಡಿ ಸಿಕ್ಕಿತೋ ಇಲ್ಲವೋ ಹೇಳಿದಂತಾಗುವುದಿಲ್ಲ.

ಇದೇ ಲ್ಯಾಟಿನ್ ಬೇರಿನಿಂದ ‘ಕ್ಯಾಪ್ಚರ್’, ‘ಕ್ಯಾಪ್ಟಿವ್’, ‘ಆ್ಯಕ್ಸೆಪ್ಟ್’, ‘ರಿಸೀವ್’ ಮುಂತಾದ ದೊಡ್ಡ ಕುಟುಂಬವೇ ಬೆಳೆದಿದೆ. ‘ರಿಸೀಟ್’ ಕೂಡ ಈ ಕುಟುಂಬದ್ದೇ. ನಮ್ಮ ‘ರಶೀದಿ’ ಮಾತ್ರ ಪಾರಸಿಯಿಂದ ಬಂದದ್ದು, ಎರಡರ ದನಿ ಹೋಲುವುದು ಆಕಸ್ಮಿಕ. ‘ಪರ್ಚೇಸ್’ ಎಂಬುದರಲ್ಲಿ ‘ಚೇಸ್’ ಅಡಗಿ ಕುಳಿತಿರುವುದು ಆಕಸ್ಮಿಕವಲ್ಲ. ಬೆನ್ನಟ್ಟಿ ಪಡೆಯುವುದು ಎಂಬುದೇ ಅದರ ಮೊದಲ ಅರ್ಥ, ಹಣ ಕೊಟ್ಟು ಪಡೆಯುವುದು ಎಂಬುದು ಆಮೇಲೆ ಬಂದದ್ದು. ಶಿರಸಿಯ ಅಡಿಕೆ ಪೇಟೆಯಲ್ಲಿ ಹರಾಜಿನ ದಿನ ನಿಂತು ನೋಡಿದವರಿಗೆ ಹಳೆಯ ಅರ್ಥವೇ ಹೆಚ್ಚು ಸರಿಯೆನಿಸಿದರೂ ಅನಿಸಬಹುದು. ಇನ್ನೊಂದು ಶಬ್ದವಿತ್ತು, ‘ಕ್ಯಾಚ್‌ಪೋಲ್’ ಎಂದು. ಅದರ ಮೂಲಾರ್ಥ ಕೋಳಿ ಅಟ್ಟುವವನು, ಅದು ಅಂಟಿಕೊಂಡದ್ದು ಕಂದಾಯ ವಸೂಲಿಗೆ ಬರುವವನಿಗೆ.

ಈ ವಂಶಾವಳಿಯಲ್ಲಿ ನನಗೆ ಎಂದಿಗೂ ಬೆರಗು ತೀರದ ಸಂಗತಿಯೆಂದರೆ ಇಂಗ್ಲಿಷಿನ ‘ಹ್ಯಾವ್’ ಕೂಡ ‘ಕ್ಯಾಚ್’ನ ದೂರದ ದಾಯಾದಿ ಎಂಬುದು. ಇಂಡೋ-ಯುರೋಪಿಯನ್ ಮೂಲದ ‘ಕಪ್’ ಎಂಬ ಧಾತು ಲ್ಯಾಟಿನ್ನಿನಲ್ಲಿ ಹಾಗೆಯೇ ಉಳಿಯಿತು; ಜರ್ಮನಿಕ್ ಭಾಷೆಗಳಲ್ಲಿ ಅದರ ಮೊದಲ ‘ಕ’ಕಾರ ‘ಹ’ಕಾರವಾಗಿ, ಕೊನೆಯ ‘ಪ’ಕಾರವೂ ಸಡಿಲಗೊಂಡು ‘ಹ್ಯಾವ್’ ಆಯಿತು. ಲ್ಯಾಟಿನ್ನಿನಲ್ಲಿ ಅದೇ ಅರ್ಥದ ‘ಹಬೇರೆ’ ಎಂಬ ಶಬ್ದ ಇದೆ. ಎಲ್ಲರೂ ‘ಹ್ಯಾವ್’ಗೆ ಅದನ್ನೇ ಮೂಲವೆಂದು ತಿಳಿಯುತ್ತಾರೆ, ಆದರೆ ಎರಡಕ್ಕೂ ನಂಟಿಲ್ಲ. ಗಟ್ಟಿ ವ್ಯಂಜನ ‘ಹ’ ಆಗಿ ಕರಗುವುದು ಕನ್ನಡಿಗರಿಗೆ ಹೊಸದೇನಲ್ಲ. ಹಾಲು ಹಳಗನ್ನಡದಲ್ಲಿ ‘ಪಾಲ್’, ಹುಲಿ ‘ಪುಲಿ’, ನಾವು ಮಾತನಾಡುತ್ತಿರುವ ‘ಹಿಡಿ’ಯೂ ‘ಪಿಡಿ’. ತಮಿಳು, ಮಲಯಾಳಗಳು ಆ ಪಕಾರವನ್ನು ಇಂದಿಗೂ ಬಿಟ್ಟಿಲ್ಲ.

ಇನ್ನು ‘ಕ್ಯಾಚ್ಡ್’ ವಿಚಾರ. ನಿಮ್ಮ ಮಗಳು ನಿಯಮವನ್ನೇ ಅನುಸರಿಸಿದ್ದಾಳೆ. ನಿಯಮ ಮುರಿದದ್ದು ಇಂಗ್ಲಿಷ್. ಫ್ರೆಂಚಿನಿಂದ ಬಂದ ಕ್ರಿಯಾಪದಗಳು ಸಾಮಾನ್ಯವಾಗಿ ಭೂತಕಾಲದಲ್ಲಿ ‘ಡ್’ ಅಥವಾ ‘ಟ್’ ಪ್ರತ್ಯಯ ಹಚ್ಚಿಕೊಂಡು ಸುಮ್ಮನಿರುತ್ತವೆ, ‘ಚೇಸ್ಡ್’ ಆದಂತೆ. ‘ಕ್ಯಾಚ್’ ಬಂದಾಗ ಆ ದೇಶದಲ್ಲಿ ಹಿಡಿಯುವುದಕ್ಕೆ ‘ಲ್ಯಾಚ್’ ಎಂಬ ಮನೆಮಾತು ಮೊದಲೇ ಇತ್ತು, ಈಗ ಬಾಗಿಲಿನ ಚಿಲಕಕ್ಕೆ ಹೇಳುವ ಅದೇ ‘ಲ್ಯಾಚ್’. ಅದರ ಹಳೆಯ ಭೂತಕಾಲದ ರೂಪಕ್ಕೆ ‘ಟೀಚ್’ನಿಂದ ‘ಟಾಟ್’ ಆಗುವಂಥ ತಿರುವು ಇತ್ತು. ಪ್ರಾಸವೂ ಅರ್ಥವೂ ಹೊಂದಿದ್ದರಿಂದ ಹೊಸದಾಗಿ ಬಂದ ‘ಕ್ಯಾಚ್’ ಅದನ್ನು ನೋಡಿ ತಾನೂ ‘ಕಾಟ್’ ಎಂದು ರೂಪ ಮಾಡಿಕೊಂಡಿತು. ಸೊಸೆಯಾಗಿ ಬಂದವಳು ಅತ್ತೆಯ ಮಾತಿನ ಧಾಟಿ ಕಲಿತು ಕೊನೆಗೆ ಮನೆಯನ್ನೇ ವಹಿಸಿಕೊಂಡಂತೆ, ‘ಲ್ಯಾಚ್’ ಹೋಗಿ ಬಾಗಿಲ ಬಳಿ ನಿಂತಿತು, ‘ಕ್ಯಾಚ್’ ಒಳಗಿನದೆಲ್ಲವನ್ನೂ ನೋಡಿಕೊಂಡಿತು. ‘ಕಾಟ್’ನ ಕಾಗುಣಿತದಲ್ಲಿ ಇಂದು ಸುಮ್ಮನೆ ಕುಳಿತಿರುವ ‘ಜಿ’ ಮತ್ತು ‘ಎಚ್’ ಅಕ್ಷರಗಳನ್ನು ಆ ಕಾಲದಲ್ಲಿ ಗಂಟಲಿನಿಂದ, ಹೆಚ್ಚುಕಡಿಮೆ ‘ಖ್’ ಎಂಬಂತೆ ಉಚ್ಚರಿಸುತ್ತಿದ್ದರು. ‘ಕ್ಯಾಚ್ಡ್’ ಕೂಡ ಪಕ್ಕದಲ್ಲೇ ಬಹುಕಾಲ ಬಳಕೆಯಲ್ಲಿತ್ತು, ಬರಹದಲ್ಲಿಯೂ ಇತ್ತು. ಆಮೇಲೆ ಶಿಷ್ಟ ಭಾಷೆ ಅದನ್ನು ಕೈಬಿಟ್ಟಿತು. ಆದ್ದರಿಂದ ಮಗಳಿಗೆ ‘ನೀನು ಬರೆದದ್ದು ಹುಟ್ಟಿನಿಂದಲೇ ತಪ್ಪಲ್ಲ, ಹಳತಾಗಿ ತಪ್ಪಾದದ್ದು’ ಎಂದು ಹೇಳಬಹುದು. ಅಂಕ ಮಾತ್ರ ಸಿಗುವುದಿಲ್ಲ. ಮಂಚಕ್ಕೆ ಹೇಳುವ ‘ಕಾಟ್’ ಬೇರೆಯ ಶಬ್ದವೆಂಬುದನ್ನೂ ಒಮ್ಮೆ ನೆನಪಿಸಿರಿ. ನಮ್ಮ ಬಾಯಲ್ಲಿ ಎರಡೂ ಒಂದೇ ಆಗಿರುವುದರಿಂದ ಕಾಗುಣಿತದಲ್ಲಿ ಕೈತಪ್ಪುತ್ತದೆ.

ಶೀತದ ವಾಕ್ಯಕ್ಕೆ ಬರುತ್ತೇನೆ. ನೀವು ಕೇಳಿದ್ದು ನ್ಯಾಯವಾಗಿದೆ: ಕನ್ನಡದಲ್ಲಿ ಶೀತವೇ ಕರ್ತೃ, ನಾವು ಸಿಕ್ಕಿಬಿದ್ದವರು. ಚಳಿ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ, ಸೂರ್ಯನಿಗೂ ಗ್ರಹಣ ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಹೊರಗಿನದೊಂದು ಬಂದು ನಮ್ಮನ್ನು ಹಿಡಿದು, ತನಗೆ ಬೇಕಾದಾಗ ಬಿಟ್ಟುಹೋಗುವುದು ಎಂಬ ನೋಟ ಈ ಎಲ್ಲ ಮಾತುಗಳಲ್ಲಿಯೂ ಇದೆ. ಇಂಗ್ಲಿಷ್ ಇದನ್ನು ತಿರುಗಿಸಿ ನೋಡುತ್ತದೆ. ರೋಗ ಒಬ್ಬರಿಂದ ಒಬ್ಬರಿಗೆ ಓಡಾಡುತ್ತಿರುವ ವಸ್ತು, ಅದು ಹಾದುಹೋಗುವಾಗ ನಾವು ಬೇಕೆಂದು ಕೈಚಾಚದಿದ್ದರೂ ನಮ್ಮ ಕೈಗೆ ಸಿಕ್ಕಿಬಿಡುತ್ತದೆ. ಕ್ಯಾಚ್ ಹಿಡಿಯುವ ಮನಸ್ಸಿಲ್ಲದವನ ಕೈಗೂ ಚೆಂಡು ಬಂದು ಕೂರುವುದಿಲ್ಲವೇ, ಹಾಗೆ. ರೋಗದ ಬಗ್ಗೆ ಈ ಪ್ರಯೋಗ ಹದಿನಾರನೆಯ ಶತಮಾನದಿಂದ ಕಾಣುತ್ತದೆ. ಆದ್ದರಿಂದ ‘ಐ ಕಾಟ್ ಎ ಕೋಲ್ಡ್’ ಎಂಬುದೇ ಸರಿ. ಶೀತವನ್ನು ಕರ್ತೃವಾಗಿ ಕೂರಿಸಿ ‘ಕೋಲ್ಡ್ ಕಾಟ್ ಮಿ’ ಎಂದರೆ ಇಂಗ್ಲಿಷ್ ಬಲ್ಲವರಿಗೆ ಶೀತ ಹಿಂದಿನಿಂದ ಓಡಿಬಂದು ಹಿಡಿದ ಚಿತ್ರ ಕಾಣುತ್ತದೆ. ಮಗುವಿನ ಕವಿತೆಯಲ್ಲಾದರೆ ನಾನು ಅದನ್ನು ತಿದ್ದುತ್ತಿರಲಿಲ್ಲ.

ಇದರಿಂದಲೇ ಒಂದು ಮಿತಿಯೂ ಬಂದಿದೆ. ಹರಡುವ ರೋಗಕ್ಕೆ, ಹೊರಗಿನಿಂದ ತಗಲುವ ರೋಗಕ್ಕೆ ಮಾತ್ರ ‘ಕ್ಯಾಚ್’ ಒಪ್ಪುತ್ತದೆ. ಸಿದ್ದಾಪುರದ ಕಡೆ ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಮಂಗನ ಕಾಯಿಲೆ ಬಂದರೆ ‘ಕಾಟ್’ ಎನ್ನಬಹುದು. ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಯಾರೂ ‘ಕ್ಯಾಚ್’ ಮಾಡುವುದಿಲ್ಲ. ಅವಕ್ಕೆ ‘ಹ್ಯಾವ್’ ಸಾಕು. ಆ ದೂರದ ದಾಯಾದಿ ಇಲ್ಲಿ ಕೆಲಸಕ್ಕೆ ಬರುತ್ತಾನೆ: ಶೀತ ತಗಲಿದ ಗಳಿಗೆ ‘ಕಾಟ್’, ಮೂಗು ಸೋರುತ್ತಿರುವ ನಾಲ್ಕು ದಿನವೂ ‘ಹ್ಯಾವ್’.

ಇಷ್ಟು ತಿಳಿದರೆ ಬಾಕಿ ಪ್ರಯೋಗಗಳು ಕಷ್ಟವಲ್ಲ. ಏನೋ ಒಂದು ಓಡುತ್ತಿದೆಯೇ, ತಪ್ಪಿಹೋಗುವ ಸಂಭವವಿದೆಯೇ ಎಂದು ಕೇಳಿಕೊಳ್ಳಬೇಕು. ಏಳು ಗಂಟೆಯ ಅಂಕೋಲೆ ಬಸ್ಸನ್ನು ‘ಕ್ಯಾಚ್’ ಮಾಡುತ್ತೇವೆ, ಏಕೆಂದರೆ ಏಳೂ ಐದಕ್ಕೆ ಅದು ಇರುವುದಿಲ್ಲ. ದಿನವೂ ಬಸ್ಸಿನಲ್ಲೇ ಹೋಗುತ್ತೇನೆ ಎನ್ನುವುದಾದರೆ ‘ಟೇಕ್’ ಎನ್ನಬೇಕು. ಗದ್ದಲದಲ್ಲಿ ಯಾರದೋ ಹೆಸರು ಸರಿಯಾಗಿ ಕೇಳದಿದ್ದರೆ ‘ಐ ಡಿಡಂಟ್ ಕ್ಯಾಚ್ ಯುವರ್ ನೇಮ್’. ಮಾತೂ ಗಾಳಿಯಲ್ಲಿ ಹಾದುಹೋಗುವ ಚೆಂಡೇ ತಾನೆ. ಮುಂದೆ ಹೋದವರನ್ನು ಬಿರುಸಾಗಿ ನಡೆದು ಸೇರಿಕೊಂಡರೆ ‘ಕ್ಯಾಚ್ ಅಪ್’. ಹಲಸಿನ ತೊಳೆ ಕದಿಯುತ್ತಿದ್ದ ಹುಡುಗ ಕೈಯಲ್ಲಿ ತೊಳೆ ಇರುವಾಗಲೇ ಸಿಕ್ಕಿಬಿದ್ದರೆ ‘ಕಾಟ್’ ಎಂಬುದರ ಮುಂದೆ ಆ ಕೆಲಸದ ಹೆಸರಿಗೆ ‘ಇಂಗ್’ ಹಚ್ಚಿ ‘ಕಾಟ್ ಹಿಮ್ ಸ್ಟೀಲಿಂಗ್’ ಎನ್ನುತ್ತಾರೆ. ಬೆಂಕಿ ಹೊತ್ತಿಕೊಂಡರೆ ‘ಕಾಟ್ ಫೈರ್’. ಅಲ್ಲಿ ‘ಎ’ ಹಾಕಬಾರದು, ಶೀತಕ್ಕೆ ಸಾಮಾನ್ಯವಾಗಿ ಹಾಕುತ್ತಾರೆ. ಇದಕ್ಕೆ ಹೇಳುವಂಥ ಕಾರಣವಿಲ್ಲ, ಬಾಯಿಪಾಠವೇ ಗತಿ. ಮಳೆಗೆ ಸಿಕ್ಕಿಹಾಕಿಕೊಂಡರೆ ಮಾತ್ರ ಇಂಗ್ಲಿಷೂ ನಮ್ಮ ದಾರಿಗೆ ಬರುತ್ತದೆ: ‘ಐ ವಾಸ್ ಕಾಟ್ ಇನ್ ದಿ ರೇನ್’. ಇಲ್ಲಿ ಸಿಕ್ಕಿಬಿದ್ದವರು ನಾವೇ. ನಿಮ್ಮ ಮಗಳಿಗೆ ಶೀತದ ವಾಕ್ಯವನ್ನೂ ಮಳೆಯ ವಾಕ್ಯವನ್ನೂ ಒಂದರ ಕೆಳಗೊಂದು ಬರೆದು ತೋರಿಸಿರಿ.

ತಿರುವಿ ನೋಡಿದರೆ, ಕನ್ನಡದಲ್ಲಿ ‘ಹಿಡಿ’ ಇದ್ದಲ್ಲೆಲ್ಲ ‘ಕ್ಯಾಚ್’ ಹಾಕುವುದೂ ಅಪಾಯವೇ. ದೇವಿಮನೆ ಘಟ್ಟ ಇಳಿಯಲು ತಾಸುಗಟ್ಟಲೆ ಹಿಡಿಯಿತು ಎಂಬಲ್ಲಿ ‘ಟೇಕ್’, ಈ ಕೊಡಪಾನ ಹತ್ತು ಲೀಟರ್ ಹಿಡಿಯುತ್ತದೆ ಎಂಬಲ್ಲಿ ‘ಹೋಲ್ಡ್’. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ‘ಸೆಟ್ ಇನ್’ ಎನ್ನಬೇಕು. ಕತ್ತಿಗೆ ತುಕ್ಕು ಹಿಡಿದದ್ದಕ್ಕೂ, ಅಂಗಳದ ಅಡಿಕೆಗೆ ಬೂಷ್ಟು ಹಿಡಿದದ್ದಕ್ಕೂ ‘ಕ್ಯಾಚ್’ ಸಲ್ಲದು. ತುಕ್ಕು ಓಡಿಬರುವುದಿಲ್ಲ, ಕುಳಿತಲ್ಲೇ ಬೆಳೆಯುತ್ತದೆ.

ಕೊನೆಯದಾಗಿ ಬಲೆಗೆ ಬಿದ್ದ ಮೀನು. ‘ಕ್ಯಾಚ್’ ನಾಮಪದವೂ ಆಗುತ್ತದೆ, ಹಿಡಿದದ್ದು ಎಷ್ಟೋ ಅಷ್ಟಕ್ಕೆಲ್ಲ ಅದೇ ಹೆಸರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಾರವಾರದ ಬೈತಖೋಲ ಬಂದರಿಗೆ ಮರಳುವಾಗ ಇಂಗ್ಲಿಷ್ ಪತ್ರಿಕೆಗಳು ‘ಗುಡ್ ಕ್ಯಾಚ್’, ‘ಪೂರ್ ಕ್ಯಾಚ್’ ಎಂದು ಬರೆಯುವುದು ಇದನ್ನೇ. ನೀವು ‘ಮೀನು ಹಿಡಿದೆವು’ ಎನ್ನದೆ ‘ಮೀನು ಬಿತ್ತು’ ಎನ್ನುತ್ತೀರಿ. ಬಲೆ ಬೀಸುವುದಷ್ಟೇ ನಮ್ಮದು, ಬೀಳುವುದು ಬಿಡುವುದು ಮೀನಿಗೂ ಕಡಲಿಗೂ ಸೇರಿದ್ದು ಎಂಬ ವಿನಯ ಆ ಮಾತಿನಲ್ಲಿದೆ, ಅದು ಇಂಗ್ಲಿಷಿಗೆ ಇಳಿಯುವುದಿಲ್ಲ. ‘ವಿ ಹ್ಯಾಡ್ ಎ ಗುಡ್ ಕ್ಯಾಚ್ ಟುಡೇ’ ಎಂದು ಬರೆದರೆ ಅದಕ್ಕೆ ಆದಷ್ಟು ಹತ್ತಿರ ಹೋದಂತಾಗುತ್ತದೆ. ‘ಫಿಶ್ ಫೆಲ್’ ಎಂದು ಬರೆಯುವುದು ಬೇಡ. ಹಾಗೆ ಬರೆದರೆ ಹಿಡಿದ ಮೀನು ಬೋಟಿನಿಂದ ಮತ್ತೆ ನೀರಿಗೆ ಬಿತ್ತೆಂದು ಓದಿದವರು ಮರುಗಿಯಾರು.